ಮಗುವಿಗೆ ಫಿಟ್ಸ್: ಮಾತ್ರೆ, ಕೀಟೋ ಊಟ, ಆಪರೇಷನ್, ಚೀನೀ ಮದ್ದು – ಯಾರಿಗೆ ಯಾವುದು?

ಮಗುವಿಗೆ ಮೂರ್ಛೆರೋಗ ಇದೆ ಅಂತ ಡಾಕ್ಟರ್ ಹೇಳಿದ ದಿನದಿಂದ ಮನೆಯಲ್ಲಿ ಬೇರೆ ಮಾತೇ ಇರುವುದಿಲ್ಲ. ಮಾತ್ರೆ ಶುರು ಮಾಡೋಣವಾ, ಸ್ವಲ್ಪ ಕಾಯೋಣವಾ? ವರ್ಷಗಟ್ಟಲೆ ಮಾತ್ರೆ ನುಂಗಿದರೆ ಮಗು ಮಂಕಾಗುತ್ತದಾ? ಅಷ್ಟರಲ್ಲಿ ಯಾರೋ ಒಬ್ಬರು, ಚೀನೀ ಪದ್ಧತಿಯ ಕಷಾಯ ಮತ್ತು ಸೂಜಿ ಚಿಕಿತ್ಸೆಯಿಂದ ಬುಡಸಮೇತ ಗುಣವಾಗುತ್ತೆ ಅನ್ನುತ್ತಾರೆ. ಹೆತ್ತವರ ಮನಸ್ಸು ಡೋಲಾಯಮಾನವಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಮಗುವಿನ ಮೈ ಸೆಟೆದು, ಕಣ್ಣು ಮೇಲೆ ಸಿಕ್ಕಿಕೊಂಡದ್ದನ್ನು ಒಮ್ಮೆ ಕಂಡವರು ಯಾವ ಬಾಗಿಲನ್ನಾದರೂ ತಟ್ಟುತ್ತಾರೆ.

ನನಗೆ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ‘ಇಂಗ್ಲಿಷ್ ಮದ್ದೋ, ಚೀನೀ ಮದ್ದೋ’ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಮೂರ್ಛೆರೋಗ ಅನ್ನುವುದು ಒಂದು ರೋಗವಲ್ಲ, ಹತ್ತಾರು ರೋಗಗಳಿಗೆ ಇಟ್ಟ ಒಂದು ಹೆಸರು. ನಿಮ್ಮ ಮಗುವಿನದು ಅದರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ದಾರಿ ಸವೆದಂತೆ. ಉಳಿದರ್ಧ ಸಮಯದ ವಿಷಯ. ಕೆಲವು ಮಕ್ಕಳಿಗೆ ಕಾಯುವಷ್ಟು ಸಮಯ ಇರುತ್ತದೆ. ಕೆಲವರಿಗೆ ಒಂದು ವಾರವೂ ಇರುವುದಿಲ್ಲ.

ಯಾವುದನ್ನು ನೋಡಿ ತೂಗಬೇಕು

ನಾನು ಐದು ವಿಷಯ ನೋಡುತ್ತೇನೆ. ಮೊದಲನೆಯದು, ಮಗುವಿನ ಮೂರ್ಛೆ ಯಾವ ಬಗೆಯದು. ಎರಡನೆಯದು, ಈ ಚಿಕಿತ್ಸೆ ಫಿಟ್ಸ್ ನಿಲ್ಲಿಸುತ್ತದೆ ಅನ್ನಲು ಏನು ಆಧಾರ. ‘ಅವರ ಮಗುವಿಗೆ ಗುಣವಾಯಿತು’ ಅನ್ನುವುದು ಇಲ್ಲಿ ಸಾಲದು. ಮಕ್ಕಳ ಫಿಟ್ಸ್ ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಡಿಮೆ ಆಗುತ್ತಲೇ ಇರುತ್ತದೆ. ಕೆಲವು ಬಗೆಗಳು ವಯಸ್ಸಾದಂತೆ ತಾವಾಗಿಯೇ ನಿಲ್ಲುತ್ತವೆ. ತೀರಾ ಜಾಸ್ತಿಯಾದಾಗಲೇ ನಾವು ಹೊಸ ಚಿಕಿತ್ಸೆ ಹುಡುಕಿಕೊಂಡು ಹೋಗುತ್ತೇವೆ. ಹಾಗಾಗಿ ಆಮೇಲೆ ಅದು ಇಳಿದಾಗ ಏನು ಕೊಟ್ಟಿದ್ದರೂ ಅದರಿಂದಲೇ ಇಳಿಯಿತು ಅನ್ನಿಸುತ್ತದೆ. ಅದಕ್ಕೇ ಚಿಕಿತ್ಸೆ ಪಡೆದ ಮಕ್ಕಳನ್ನು, ಪಡೆಯದ ಮಕ್ಕಳ ಪಕ್ಕದಲ್ಲಿಟ್ಟು ನೋಡಿದ ಲೆಕ್ಕ ಬೇಕು.

ಮೂರನೆಯದು, ಇದರಿಂದ ಏನು ತೊಂದರೆ ಆಗಬಹುದು, ಅದನ್ನು ಮುಂಚೆಯೇ ಪತ್ತೆ ಹಚ್ಚಬಹುದಾ. ನಾಲ್ಕನೆಯದು, ಇದನ್ನು ಮಾಡುತ್ತಾ ಕೂತರೆ ಬೇರೆ ಏನು ಕೈತಪ್ಪುತ್ತದೆ. ಐದನೆಯದು, ಮನೆಯ ಶಕ್ತಿ: ದುಡ್ಡು, ಓಡಾಟ, ಅಡುಗೆಮನೆಯ ಕೆಲಸ, ರಾತ್ರಿ ನಿದ್ದೆ. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅರ್ಧದಲ್ಲಿ ಕೈಬಿಟ್ಟ ಚಿಕಿತ್ಸೆಗಳಲ್ಲಿ ಎಷ್ಟೋ ಅದೇ ಕಾರಣಕ್ಕೆ ಬಿಟ್ಟವು.

ಮೊದಲು ಬಗೆ ತಿಳಿಯಲಿ

6 ತಿಂಗಳಿಂದ 5 ವರ್ಷದೊಳಗಿನ ಮಗುವಿಗೆ ಜ್ವರ ಬಂದಾಗ ಮಾತ್ರ ಫಿಟ್ಸ್ ಬಂದರೆ ಅದು ಸಾಮಾನ್ಯವಾಗಿ ಮೂರ್ಛೆರೋಗವೇ ಅಲ್ಲ. ದಿನಾ ಮಾತ್ರೆ ಬೇಕಾಗುವುದಿಲ್ಲ. ಶಾಲೆಗೆ ಹೋಗುವ ಮಗುವಿಗೆ ನಿದ್ದೆಯಲ್ಲಿ ಮುಖದ ಒಂದು ಪಕ್ಕ ಸೆಳೆದು, ಜೊಲ್ಲು ಸುರಿದು, ಸ್ವಲ್ಪ ಹೊತ್ತು ಮಾತು ನಿಂತರೆ ಅದು ರೋಲಾಂಡಿಕ್ ಬಗೆ ಇರಬಹುದು. ಇದು ಹದಿಹರೆಯದ ಹೊತ್ತಿಗೆ ತಾನಾಗಿ ಹೋಗುತ್ತದೆ. ಅಪರೂಪಕ್ಕೆ ಬರುತ್ತಿದ್ದರೆ ಮಾತ್ರೆ ಇಲ್ಲದೆಯೇ ಕಾಯಬಹುದು ಅಂತ ಎಷ್ಟೋ ಡಾಕ್ಟರುಗಳು ಹೇಳುತ್ತಾರೆ. ಯಾವ ಮದ್ದು ಕೊಟ್ಟರೂ ‘ಗುಣವಾಯಿತು’ ಅನ್ನಿಸುವ ಬಗೆ ಇದೇ.

ಇದಕ್ಕೆ ಪೂರ್ತಿ ಉಲ್ಟಾ ಒಂದು ಬಗೆ ಇದೆ. ವರ್ಷದೊಳಗಿನ ಕೂಸು ಎದ್ದ ಹೊತ್ತಿಗೆ ಸಾಲಾಗಿ ಬೆಚ್ಚಿಬಿದ್ದ ಹಾಗೆ ಮಾಡುತ್ತದೆ. ತಲೆ ಮುಂದಕ್ಕೆ ಬಾಗುತ್ತದೆ, ಕೈಗಳು ಹರಡಿಕೊಳ್ಳುತ್ತವೆ. ನೋಡಿದವರು ಹೊಟ್ಟೆನೋವು ಅಂದುಕೊಳ್ಳುತ್ತಾರೆ. ಇದಕ್ಕೆ ಇನ್ಫಂಟೈಲ್ ಸ್ಪ್ಯಾಸಮ್ಸ್ ಅಂತ ಹೆಸರು. ಇಲ್ಲಿ ಚಿಕಿತ್ಸೆ ತಡವಾದಷ್ಟೂ ಮಗುವಿನ ಬುದ್ಧಿ ಬೆಳವಣಿಗೆಗೆ ಪೆಟ್ಟು. ಎಸಿಟಿಎಚ್ ಇಂಜೆಕ್ಷನ್, ಪ್ರೆಡ್ನಿಸಲೋನ್, ವಿಗಾಬಾಟ್ರಿನ್ – ಇವುಗಳಲ್ಲಿ ಯಾವುದನ್ನು ಕೊಡಬೇಕು ಅಂತ ಮಕ್ಕಳ ನರರೋಗ ತಜ್ಞರು ದಿನಗಳೊಳಗೆ ತೀರ್ಮಾನಿಸಬೇಕು. ನಿಮ್ಮ ಕೂಸಿಗೆ ಹೀಗಾಗುತ್ತಿದ್ದರೆ ಈ ಬರಹವನ್ನು ಇಲ್ಲೇ ಬಿಟ್ಟು ಆಸ್ಪತ್ರೆಗೆ ಹೊರಡಿ.

ಇನ್ನೊಂದು, ಡ್ರಾವೆ ಸಿಂಡ್ರೋಮ್. ವರ್ಷದೊಳಗೆ, ಬಹಳಷ್ಟು ಸಲ ಜ್ವರದ ಜೊತೆ, ದೀರ್ಘ ಫಿಟ್ಸ್‌ನಿಂದ ಶುರುವಾಗುತ್ತದೆ. ಬೇರೆ ಮಕ್ಕಳಿಗೆ ಚೆನ್ನಾಗಿ ಒಗ್ಗುವ ಕಾರ್ಬಮಾಜೆಪಿನ್, ಲ್ಯಾಮೊಟ್ರಿಜಿನ್ ಇಲ್ಲಿ ಫಿಟ್ಸ್ ಹೆಚ್ಚಿಸುತ್ತವೆ. ‘ಇಂಗ್ಲಿಷ್ ಮದ್ದು ನಮ್ಮ ಮಗುವಿಗೆ ಆಗಲಿಲ್ಲ’ ಅನ್ನುವವರಲ್ಲಿ ಕೆಲವರ ಕಥೆ ನಿಜವಾಗಿ ಬಗೆಗೆ ಹೊಂದದ ಮದ್ದಿನ ಕಥೆ.

ಬಗೆ ತಿಳಿಯಲು ಮಿದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆ ಬೇಕು, ಎಷ್ಟೋ ಮಕ್ಕಳಿಗೆ ಎಂಆರ್‌ಐ ಬೇಕು. ಇವೆಲ್ಲಕ್ಕಿಂತ ಅಗ್ಗದ್ದೂ ಉಪಯೋಗದ್ದೂ ಆದ ಇನ್ನೊಂದಿದೆ: ಫಿಟ್ಸ್ ಬಂದಾಗ ಮನೆಯವರು ಮೊಬೈಲಿನಲ್ಲಿ ತೆಗೆದ ವಿಡಿಯೋ. ದುಡ್ಡು ಕಡಿಮೆ ಇದ್ದರೆ ಇರುವುದನ್ನು ಮೊದಲು ಈ ಪತ್ತೆಗೆ ಖರ್ಚು ಮಾಡಿ.

ಮಾತ್ರೆ

ಸರಿಯಾದ ಔಷಧಿ ಸಿಕ್ಕರೆ ಮೂರ್ಛೆರೋಗ ಇರುವವರಲ್ಲಿ 70%ವರೆಗೂ ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇರೆ ಯಾವ ಚಿಕಿತ್ಸೆಗೂ ಇಷ್ಟು ಜನರ ಮಟ್ಟಿಗೆ ಈ ಮಾತು ಹೇಳಲು ಬರುವುದಿಲ್ಲ. ಜೀವನವಿಡೀ ನುಂಗಬೇಕು ಅನ್ನುವ ಭಯವೂ ಎಲ್ಲರಿಗೂ ನಿಜವಲ್ಲ. 2 ವರ್ಷ ಫಿಟ್ಸ್ ಬಾರದಿದ್ದರೆ ಅನೇಕ ಮಕ್ಕಳಿಗೆ ನಿಧಾನವಾಗಿ ಕಡಿಮೆ ಮಾಡುತ್ತಾ ನಿಲ್ಲಿಸಿ ನೋಡುತ್ತಾರೆ.

ಮಂಕಾಗುವ ಭಯ ಮಾತ್ರ ಸುಳ್ಳಲ್ಲ. ಆದರೆ ಅದು ಮಾತ್ರೆಯಿಂದ ಮಾತ್ರೆಗೆ ಬೇರೆ. ಮಗು ಕ್ಷಣಕಾಲ ಕಣ್ಣು ನೆಟ್ಟು ನಿಂತುಬಿಡುವ ಆಬ್ಸೆನ್ಸ್ ಬಗೆಗೆ ಮೂರು ಔಷಧಿಗಳನ್ನು ಅಮೆರಿಕದಲ್ಲಿ 453 ಮಕ್ಕಳಲ್ಲಿ ಹೋಲಿಸಿ ನೋಡಿದರು. ಅದರ ಫಲಿತಾಂಶ 2010ರಲ್ಲಿ ಬಂತು. ಸುಮಾರು ನಾಲ್ಕು ತಿಂಗಳ ಹೊತ್ತಿಗೆ ವಾಲ್ಪ್ರೊಯೇಟ್ 58%, ಎಥೋಸಕ್ಸಿಮೈಡ್ 53%, ಲ್ಯಾಮೊಟ್ರಿಜಿನ್ 29% ಮಕ್ಕಳಿಗೆ ಒಗ್ಗಿತ್ತು. ಮೊದಲೆರಡು ಹೆಚ್ಚುಕಡಿಮೆ ಸಮ. ಆದರೆ ಗಮನ ಕೊಡಲು ಕಷ್ಟಪಡುವ ಮಕ್ಕಳು ವಾಲ್ಪ್ರೊಯೇಟ್ ಗುಂಪಿನಲ್ಲಿ 49%, ಎಥೋಸಕ್ಸಿಮೈಡ್ ಗುಂಪಿನಲ್ಲಿ 33%. ಶಾಲೆಯ ಮಗುವಿಗೆ ಇದು ದೊಡ್ಡ ವ್ಯತ್ಯಾಸ ಅಲ್ವಾ? ಹಾಗಾಗಿ ‘ಮಾತ್ರೆ ಬೇಡ’ ಅನ್ನುವ ಮೊದಲು ‘ಈ ಮಾತ್ರೆ ಬೇಡ, ಬೇರೆ ಯಾವುದಿದೆ’ ಅಂತ ಕೇಳಿ.

ಇನ್ನೂ ಕೆಲವು ಎಚ್ಚರಿಕೆ. ವಾಲ್ಪ್ರೊಯೇಟ್ 2 ವರ್ಷದೊಳಗಿನ ಮಕ್ಕಳ ಲಿವರ್‌ಗೆ ಅಪಾಯ ತರಬಹುದು. ಹೆಣ್ಣುಮಗು ದೊಡ್ಡವಳಾದ ಮೇಲೆ ಬಸಿರಿನಲ್ಲಿ ಈ ಔಷಧಿ ಇದ್ದರೆ ಹುಟ್ಟುವ ಕೂಸಿಗೆ ದೋಷ ಬರುವ ಸಂಭವ ಹೆಚ್ಚು. ಲೆವೆಟಿರಾಸೆಟಾಮ್ ತೆಗೆದುಕೊಂಡ ಕೆಲವು ಮಕ್ಕಳು ಸಿಡುಕರಾಗುತ್ತಾರೆ. ಕಾರ್ಬಮಾಜೆಪಿನ್‌ನಿಂದ ಚರ್ಮ ಸುಲಿದುಹೋಗುವಂಥ ಭಾರೀ ಅಲರ್ಜಿ ಆಗುವುದಕ್ಕೂ ಎಚ್‌ಎಲ್‌ಎ-ಬಿ*1502 ಅನ್ನುವ ಜೀನ್‌ಗೂ ನಂಟಿದೆ ಅಂತ 2004ರಲ್ಲಿ ತೈವಾನಿನ ಸಂಶೋಧಕರು ಕಂಡುಕೊಂಡರು. ಚೀನೀ ಮೂಲದವರಲ್ಲಿ, ಏಷ್ಯಾದ ಇನ್ನೂ ಕೆಲವು ಜನರಲ್ಲಿ ಈ ಜೀನ್ ಜಾಸ್ತಿ. ಮೊದಲೇ ರಕ್ತ ಪರೀಕ್ಷೆ ಮಾಡಿಸಿದರೆ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಮಾತ್ರೆಗಳ ಪರವಾಗಿ ನಾನು ಹೇಳುವ ಮಾತು ಇದೇ: ಅವುಗಳ ಕೆಡುಕು ಏನು ಅಂತ ಬರೆದಿಟ್ಟಿದ್ದಾರೆ, ಪರೀಕ್ಷೆ ಮಾಡಿ ನೋಡಬಹುದು.

ಬೆಲೆಯ ಮಾತು ಬಂದರೆ, ಫಿನೋಬಾರ್ಬಿಟಾಲ್ ತುಂಬಾ ಅಗ್ಗ. ಮಗು ತೂಕಡಿಸಬಹುದು, ಅಥವಾ ಉಲ್ಟಾ ಚಡಪಡಿಸಬಹುದು. ಆದರೂ ಫಿಟ್ಸ್ ತಡೆಯುತ್ತದೆ. ಚೀನೀ ವೈದ್ಯಪದ್ಧತಿಯ ತವರಿನಲ್ಲೇ ನಡೆದದ್ದು ನೋಡಿ. ಚೀನಾದ ಹಳ್ಳಿಗಾಡಿನ ಸಮೀಕ್ಷೆಯಲ್ಲಿ ಮೂರ್ಛೆರೋಗಿಗಳ ಪೈಕಿ ಸುಮಾರು 63% ಜನ ಚಿಕಿತ್ಸೆಯಲ್ಲೇ ಇರಲಿಲ್ಲ. ಅವರನ್ನು ಮುಟ್ಟಲು ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ 2000ದ ನಂತರ ನಡೆಸಿದ ಯೋಜನೆಯಲ್ಲಿ ಹಳ್ಳಿಯ ವೈದ್ಯರ ಕೈಗೆ ಕೊಟ್ಟದ್ದು ಫಿನೋಬಾರ್ಬಿಟಾಲ್. ಅಲ್ಲಿನ ದೊಡ್ಡ ಪಟ್ಟಣಗಳ ಮಕ್ಕಳ ಆಸ್ಪತ್ರೆಗಳಲ್ಲೂ ಮೊದಲು ಬರೆಯುವುದು ಇಂಗ್ಲಿಷ್ ಮಾತ್ರೆಗಳನ್ನೇ.

ಎರಡು ಮಾತ್ರೆ ಸೋತ ಮೇಲೆ

ಗ್ಲಾಸ್ಗೋದಲ್ಲಿ ಹೊಸದಾಗಿ ಚಿಕಿತ್ಸೆ ಶುರು ಮಾಡಿದ 470 ಜನರ ಲೆಕ್ಕ 2000ದಲ್ಲಿ ಬಂತು. ಮೊದಲ ಔಷಧಿಗೆ 47% ಜನರ ಫಿಟ್ಸ್ ನಿಂತಿತು. ಎರಡನೆಯದಕ್ಕೆ ಇನ್ನೂ 13%. ಮೂರನೆಯದು ಅಥವಾ ಎರಡು ಸೇರಿಸಿ ಕೊಟ್ಟದ್ದಕ್ಕೆ ಬರೀ 4%. ಸರಿಯಾಗಿ ಆರಿಸಿದ ಎರಡು ಔಷಧಿ ಸೋತರೆ ಅದನ್ನು ಔಷಧಿಗೆ ಬಗ್ಗದ ಮೂರ್ಛೆ ಅಂತ 2010ರಿಂದ ಕರೆಯುತ್ತಾರೆ. ಹೆಚ್ಚು ಕುಟುಂಬಗಳು ಬೇರೆ ಪದ್ಧತಿಗಳತ್ತ ಹೊರಳುವುದು ಈ ಹಂತದಲ್ಲೇ. ನನಗೆ ಸಂಕಟ ಆಗುವುದೂ ಇಲ್ಲೇ. ಯಾಕೆಂದರೆ ಆಪರೇಷನ್ ಬಗ್ಗೆ, ಕೀಟೋ ಊಟದ ಬಗ್ಗೆ ಕೇಳಬೇಕಾದ ಹೊತ್ತು ಇದು. ಅದನ್ನು ಯಾರೂ ಹೇಳದೆ ಮೂರನೆಯ, ನಾಲ್ಕನೆಯ ಮಾತ್ರೆಯಲ್ಲೇ ವರ್ಷಗಳು ಕಳೆದುಹೋಗುತ್ತವೆ.

ಆಪರೇಷನ್ ಅಂದರೆ ಎದೆ ಝಲ್ಲೆನ್ನುತ್ತದೆ, ಗೊತ್ತು. ಆದರೆ ಫಿಟ್ಸ್ ಮಿದುಳಿನ ಒಂದೇ ಜಾಗದಿಂದ ಹುಟ್ಟುತ್ತಿದ್ದರೆ ಇದರ ಫಲ ಎಲ್ಲಕ್ಕಿಂತ ದೊಡ್ಡದು. ದೆಹಲಿಯ ಏಮ್ಸ್‌ನಲ್ಲಿ 18 ವರ್ಷದವರೆಗಿನ 116 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಆಪರೇಷನ್ ಆದವರಲ್ಲಿ 77% ಮಕ್ಕಳಿಗೆ ಫಿಟ್ಸ್ ಇರಲಿಲ್ಲ. ಔಷಧಿ ಮಾತ್ರ ತೆಗೆದುಕೊಂಡವರಲ್ಲಿ 7%. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಆಪರೇಷನ್ ಆದವರಲ್ಲಿ ಮೂರರಲ್ಲಿ ಒಂದು ಪಾಲು ಮಕ್ಕಳಿಗೆ ಗಂಭೀರ ತೊಂದರೆಗಳೂ ಆದವು. ದೇಹದ ಒಂದು ಪಕ್ಕ ಬಲಹೀನವಾಗುವುದು ಅದರಲ್ಲಿ ಸೇರಿತ್ತು. ಕೆಲವು ಬಗೆಯ ಆಪರೇಷನ್‌ನಲ್ಲಿ ಇದು ಮುಂಚೆಯೇ ಗೊತ್ತಿರುವ ಬೆಲೆ. ಖರ್ಚು ಒಂದೇ ಸಲಕ್ಕೆ ದೊಡ್ಡದಾಗಿ ಬರುತ್ತದೆ. ವರ್ಷಗಟ್ಟಲೆಯ ಮಾತ್ರೆ, ಆಸ್ಪತ್ರೆ ಓಡಾಟದ ಪಕ್ಕದಲ್ಲಿಟ್ಟು ಕೂಡಿ ನೋಡಿ.

ಕೀಟೋ ಊಟ 1921ರಿಂದ ಇದೆ. ಅಕ್ಕಿ, ಗೋಧಿ, ಸಕ್ಕರೆ ತೀರಾ ಕಡಿಮೆ, ಕೊಬ್ಬು ತುಂಬಾ ಜಾಸ್ತಿ, ಎಲ್ಲವೂ ತಕ್ಕಡಿಯಲ್ಲಿ ತೂಗಿದ್ದು. ಲಂಡನ್ನಿನಲ್ಲಿ 145 ಮಕ್ಕಳ ಅಧ್ಯಯನದ ಫಲಿತಾಂಶ 2008ರಲ್ಲಿ ಬಂತು. ಮೂರು ತಿಂಗಳಲ್ಲಿ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾದವರು ಈ ಊಟ ಮಾಡಿದವರಲ್ಲಿ 38%, ಮಾಡದವರಲ್ಲಿ 6%. ಗ್ಲೂಟ್-1 ಕೊರತೆ ಅನ್ನುವ ಅಪರೂಪದ ಕಾಯಿಲೆಗೆ ಇದೇ ಮೊದಲ ಚಿಕಿತ್ಸೆ. ಆದರೆ ಕೊಬ್ಬನ್ನು ಕರಗಿಸಲಾಗದ ಕೆಲವು ಹುಟ್ಟು ಕಾಯಿಲೆಗಳಿದ್ದರೆ ಇದೇ ಊಟ ಪ್ರಾಣಕ್ಕೆ ಕುತ್ತು. ಆ ಪರೀಕ್ಷೆ ಆಗದೆ ಮನೆಯಲ್ಲೇ ಶುರು ಮಾಡಬೇಡಿ. ಮೂತ್ರಪಿಂಡದ ಕಲ್ಲು, ಮಲಬದ್ಧತೆ, ಬೆಳವಣಿಗೆ ಕುಂಠಿತವಾಗುವುದು ಇದರ ತೊಂದರೆಗಳು. ಅಡುಗೆ ಮಾಡುವವರಿಗೆ ಒಂದು ದಿನವೂ ರಜೆಯಿಲ್ಲ. ಮನೆಯಲ್ಲಿ ಇಬ್ಬರು ಕೈಜೋಡಿಸಿದರೆ ನಡೆಯುತ್ತದೆ. ಒಬ್ಬ ತಾಯಿಯ ಮೇಲೆ ಎಲ್ಲ ಹಾಕಿದರೆ ಕಷ್ಟ.

ಕತ್ತಿನಲ್ಲಿ ಹಾದುಹೋಗುವ ವೇಗಸ್ ನರಕ್ಕೆ ವಿದ್ಯುತ್ ತಟ್ಟುವ ಯಂತ್ರವನ್ನು ಎದೆಯ ಚರ್ಮದ ಕೆಳಗೆ ಇಡುವುದೂ ಒಂದು ದಾರಿ. ದುಬಾರಿ, ನಿಧಾನ. ಫಿಟ್ಸ್ ಪೂರ್ತಿ ನಿಲ್ಲುವುದು ಅಪರೂಪ, ಕಡಿಮೆಯಾಗುತ್ತದೆ. ಆಪರೇಷನ್‌ಗೆ ಆಗದ ಮಕ್ಕಳಿಗೆ ಇದನ್ನು ಯೋಚಿಸುತ್ತಾರೆ.

ಚೀನೀ ಮದ್ದು

ಈ ಪದ್ಧತಿಗೆ ಮಕ್ಕಳ ಮೂರ್ಛೆ ಹೊಸದಲ್ಲ. ಸಾಂಗ್ ರಾಜವಂಶದ ಕಾಲದ ಮಕ್ಕಳ ವೈದ್ಯ ಚಿಯೆನ್ ಯೀ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಮಗು ಹೊರಡಿಸುವ ಸದ್ದನ್ನು ಕೇಳಿ ಮೂರ್ಛೆಯನ್ನು ಐದು ಬಗೆ ಮಾಡಿದ್ದ: ನಾಯಿ, ಕುರಿ, ಎತ್ತು, ಕೋಳಿ, ಹಂದಿ. ಒಂದೊಂದನ್ನು ಒಂದೊಂದು ಅಂಗಕ್ಕೆ ಜೋಡಿಸಿದ್ದ. ಇಂದಿಗೂ ಚೀನಾದ ಜನರ ಬಾಯಲ್ಲಿ ಈ ರೋಗಕ್ಕೆ ಕುರಿಯ ಹೆಸರು ಸೇರಿಕೊಂಡಿದೆ. ಈ ಪದ್ಧತಿಯ ಪ್ರಕಾರ ಕಾರಣ ಮೂರು: ಕಫ, ಒಳಗಿನ ಗಾಳಿ, ಹೆದರಿಕೆ. ಮಗುವನ್ನು ಅಷ್ಟು ಹತ್ತಿರದಿಂದ ಗಮನಿಸಿದ ಪರಂಪರೆಯ ಬಗ್ಗೆ ನನಗೆ ಗೌರವವಿದೆ.

ಬಳಸುವ ಮೂಲಿಕೆಗಳಲ್ಲಿ ತಿಯೆನ್‌ಮಾ ಅನ್ನುವ ಆರ್ಕಿಡ್ ಗೆಡ್ಡೆ, ಗೌಟೆಂಗ್ ಅನ್ನುವ ಕೊಕ್ಕೆಯ ಬಳ್ಳಿ, ನಮ್ಮ ಬಜೆಯ ಬಳಗದ ಶಿಚಾಂಗ್‌ಪು ಮುಖ್ಯ. ತಿಯೆನ್‌ಮಾ ಮತ್ತು ಗೌಟೆಂಗ್‌ನಲ್ಲಿರುವ ಕೆಲವು ಅಂಶಗಳು ಪ್ರಯೋಗಾಲಯದ ಇಲಿಗಳಲ್ಲಿ ಫಿಟ್ಸ್ ತಗ್ಗಿಸಿವೆ. ಚೇಳು, ಜರಿ, ಒಣಗಿದ ರೇಷ್ಮೆಹುಳ ಕೂಡ ಸೇರಿಸುತ್ತಾರೆ.

ಇಲಿಯಿಂದ ಮಗುವಿಗೆ ಬರುವ ಹೊತ್ತಿಗೆ ದಾರಿ ತೆಳ್ಳಗಾಗುತ್ತದೆ. ವೈದ್ಯಕೀಯ ಪುರಾವೆಗಳನ್ನು ಜರಡಿ ಹಿಡಿಯುವ ಕಾಕ್ರೇನ್ ಸಂಸ್ಥೆ 2009ರಲ್ಲಿ ಮೂರ್ಛೆಗೆ ಚೀನೀ ಔಷಧಿಗಳನ್ನು, 2014ರಲ್ಲಿ ಸೂಜಿ ಚಿಕಿತ್ಸೆಯನ್ನು ಪರಿಶೀಲಿಸಿತು. ಎರಡನೆಯದರಲ್ಲಿ 17 ಪ್ರಯೋಗ, 1,538 ಜನ. ಎರಡೂ ಸಲ ಬಂದ ತೀರ್ಮಾನ ಒಂದೇ: ಪ್ರಯೋಗಗಳ ಗುಣಮಟ್ಟ ಸಾಲದು, ಇದನ್ನು ನಂಬಿ ಚಿಕಿತ್ಸೆ ಮಾಡುವಷ್ಟು ಆಧಾರವಿಲ್ಲ.

‘ಗಿಡಮೂಲಿಕೆ ಅಂದರೆ ಈ ಸಂಶೋಧಕರಿಗೆ ತಾತ್ಸಾರ’ ಅಂತ ಅಂದುಕೊಳ್ಳಬೇಡಿ. ಚೀನೀ ಮೂಲಿಕೆಯಿಂದ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ತೆಗೆದ ತೂ ಯೋಯೋ ಅವರಿಗೆ 2015ರಲ್ಲಿ ನೊಬೆಲ್ ಬಂತು. ಗಾಂಜಾ ಗಿಡದ ಕ್ಯಾನಬಿಡಿಯಾಲ್ ಡ್ರಾವೆ ಮಕ್ಕಳ ಫಿಟ್ಸ್ ಕಡಿಮೆ ಮಾಡುತ್ತದೆ ಅಂತ ಪ್ರಯೋಗದಲ್ಲಿ ತೋರಿದ ಮೇಲೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಗಿಡ ಪರೀಕ್ಷೆಯಲ್ಲಿ ಗೆದ್ದರೆ ಮದ್ದಾಗುತ್ತದೆ. ಮೂರ್ಛೆಗೆ ಕೊಡುವ ಚೀನೀ ಕಷಾಯಗಳು ಇನ್ನೂ ಆ ಪರೀಕ್ಷೆ ಗೆದ್ದಿಲ್ಲ.

ಅಪಾಯಗಳನ್ನು ಬಿಡಿಸಿ ಹೇಳುತ್ತೇನೆ. ಮಗುವನ್ನು ಶಾಂತಗೊಳಿಸಲು ಕೊಡುವ ಕೆಲವು ಹಳೆಯ ಗುಳಿಗೆಗಳಲ್ಲಿ ಜುಶಾ ಇರುತ್ತದೆ. ಅದು ಇಂಗಳೀಕ, ಅಂದರೆ ಪಾದರಸದ ಖನಿಜ. ಕೆಲವದರಲ್ಲಿ ಆರ್ಸೆನಿಕ್ ಖನಿಜವೂ ಇರುತ್ತದೆ. ಬೆಳೆಯುವ ಮಿದುಳಿಗೆ ಇವು ಬೇಡವೇ ಬೇಡ.

ಇದಕ್ಕಿಂತ ಮೋಸದ್ದು ಇನ್ನೊಂದು. ‘ಶುದ್ಧ ಮೂಲಿಕೆ’ ಅಂತ ಮಾರಿದ ಮೂರ್ಛೆಯ ಗುಳಿಗೆಗಳನ್ನು ಪರೀಕ್ಷಿಸಿದಾಗ ಒಳಗೆ ಫಿನೋಬಾರ್ಬಿಟಾಲ್, ಕಾರ್ಬಮಾಜೆಪಿನ್‌ನಂಥ ಇಂಗ್ಲಿಷ್ ಮದ್ದೇ ಸಿಕ್ಕಿದ ಉದಾಹರಣೆಗಳಿವೆ. ಗುಟ್ಟಿನ ಪುಡಿ ಕೊಟ್ಟ ವಾರದಲ್ಲೇ ಫಿಟ್ಸ್ ನಿಂತು ಮಗು ತೂಕಡಿಸತೊಡಗಿದರೆ ನನಗೆ ಮೊದಲು ಬರುವ ಅನುಮಾನ ಇದೇ. ಎಷ್ಟು ಪ್ರಮಾಣ ಅಂತ ಗೊತ್ತಿಲ್ಲದೆ ಮಗು ನುಂಗುತ್ತಿರುತ್ತದೆ. ಪುಡಿ ಮುಗಿದ ದಿನ ಫಿಟ್ಸ್ ಒಟ್ಟಿಗೇ ಮೈಮೇಲೆ ಬರುತ್ತದೆ.

ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಮೂಲಿಕೆಯದಲ್ಲ. ‘ಇದು ಶುರು ಮಾಡಿ, ಅದು ನಿಲ್ಲಿಸಿ’ ಅನ್ನುವ ಮಾತಿನದು. ಮೂರ್ಛೆಯ ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರಬಹುದು, ಮಗುವಿನ ಜೀವಕ್ಕೇ ಅಪಾಯ. ದಯವಿಟ್ಟು ಇದೊಂದನ್ನು ಮಾಡಬೇಡಿ.

ಹಾಗಾದರೆ ಯಾರು ಏನು ಆರಿಸಬಹುದು

ಮೊದಲ ಸಲ ರೋಗ ಗೊತ್ತಾಗಿದೆ, ದುಡ್ಡು ಹೆಚ್ಚಿಲ್ಲ ಅನ್ನುವವರಿಗೆ ಬಗೆಗೆ ಹೊಂದುವ ಹಳೆಯ ಅಗ್ಗದ ಮಾತ್ರೆಯೇ ಒಳ್ಳೆಯ ದಾರಿ. ಅದೇ ದುಡ್ಡನ್ನು ತಿಂಗಳು ತಿಂಗಳು ಕಷಾಯಕ್ಕೆ ಹಾಕಬೇಡಿ. ರೋಲಾಂಡಿಕ್‌ನಂಥ ಸೌಮ್ಯ ಬಗೆ ಇದ್ದು ಮಾತ್ರೆ ಬೇಡ ಅನ್ನಿಸಿದರೆ, ಡಾಕ್ಟರ್ ಒಪ್ಪಿದಾಗ ಸುಮ್ನೆ ಕಾಯುವುದೂ ಒಂದು ಆಯ್ಕೆ. ಅಲ್ಲಿ ಕಷಾಯವೂ ಬೇಕಿಲ್ಲ. ಎರಡು ಮಾತ್ರೆ ಸೋತಿದ್ದರೆ ಮೊದಲು ಆಪರೇಷನ್‌ಗೆ ಆಗುತ್ತದಾ ಅಂತ ತಪಾಸಣೆ ಮಾಡಿಸಿ, ಆಗದಿದ್ದರೆ ಕೀಟೋ.

ಇವೆಲ್ಲದರ ಜೊತೆಗೆ ಚೀನೀ ಪದ್ಧತಿಯನ್ನೂ ನೋಡಲೇಬೇಕು ಅನ್ನಿಸಿದರೆ, ಎರಡರಲ್ಲಿ ಸೂಜಿ ಚಿಕಿತ್ಸೆ ಕಡಿಮೆ ಅಪಾಯದ್ದು. ತರಬೇತಿ ಪಡೆದವರು, ಒಂದೇ ಸಲ ಬಳಸುವ ಸೂಜಿ, ಮಗು ಹೆದರಿ ಅಳದಿರುವುದು ಮುಖ್ಯ. ಫಿಟ್ಸ್ ನಿಲ್ಲದಿದ್ದರೂ ಮಗು ಚೆನ್ನಾಗಿ ನಿದ್ದೆ ಮಾಡಬಹುದು, ಅಷ್ಟೇ ನಿರೀಕ್ಷೆ ಇಟ್ಟುಕೊಳ್ಳಿ. ದೇಹದೊಳಗೆ ಯಂತ್ರವಿದ್ದರೆ ಸೂಜಿಗೆ ಕರೆಂಟ್ ಕೊಡುವ ಬಗೆ ಬೇಡ. ಚರ್ಮದೊಳಗೆ ದಾರ ಹುದುಗಿಸುವ ವಿಧಾನಕ್ಕೆ ನಾನಂತೂ ಮಗುವನ್ನು ಕೊಡುವುದಿಲ್ಲ.

ಮೂಲಿಕೆಯೇ ಬೇಕೆಂದರೆ ವೈದ್ಯರ ಹತ್ತಿರ ಪ್ರತಿಯೊಂದು ವಸ್ತುವಿನ ಹೆಸರು ಬರೆಸಿಕೊಳ್ಳಿ. ‘ಗುಟ್ಟು’ ಅಂದರೆ ಎದ್ದು ಬನ್ನಿ. ‘ಮಾತ್ರೆ ನಿಲ್ಲಿಸಿ’ ಅಂದರೂ ಎದ್ದು ಬನ್ನಿ. ಆ ಚೀಟಿಯನ್ನು ನರರೋಗ ತಜ್ಞರಿಗೆ ತೋರಿಸಿ. ಲಿವರ್ ಪರೀಕ್ಷೆ, ರಕ್ತದಲ್ಲಿ ಔಷಧಿಯ ಮಟ್ಟ ನೋಡಲು ಕೇಳಿ, ಯಾಕೆಂದರೆ ಮೂಲಿಕೆಗಳು ಮಾತ್ರೆಯ ಮಟ್ಟವನ್ನು ಏರಿಳಿಸಬಹುದು. ಮಗು ಕೀಟೋ ಊಟದಲ್ಲಿದ್ದರೆ ಇನ್ನೊಂದು ವಿಷಯ: ಎಷ್ಟೋ ಚೀನೀ ಗುಳಿಗೆಗಳನ್ನು ಜೇನುತುಪ್ಪದಲ್ಲಿ ಕಟ್ಟಿರುತ್ತಾರೆ. ದಿನಕ್ಕೆರಡು ಗುಳಿಗೆ ಸಾಕು, ಕಷ್ಟಪಟ್ಟು ತೂಗಿದ ಊಟದ ಲೆಕ್ಕ ತಪ್ಪಲು.

ಶುರು ಮಾಡುವ ಮೊದಲು ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಪ್ರತಿ ಫಿಟ್ಸ್ ಗುರುತು ಹಾಕಿ. ಆಮೇಲೆ ಮೂರು ತಿಂಗಳು. ಆ ಸಮಯದಲ್ಲಿ ಬೇರೆ ಯಾವ ಬದಲಾವಣೆಯೂ ಬೇಡ. ಸಂಖ್ಯೆ ಇಳಿಯದಿದ್ದರೆ ನಿಲ್ಲಿಸಿ. ಈ ಐದು ತಿಂಗಳು ಕಾಯಲಾಗದ ಬಗೆ ನಿಮ್ಮ ಮಗುವಿನದಾದರೆ ಶುರುವೇ ಮಾಡಬೇಡಿ.

ಯಾವ ದಾರಿ ಹಿಡಿದರೂ ಫಿಟ್ಸ್ ಬಂದ ಹೊತ್ತಿನ ಕೆಲಸ ಒಂದೇ. ಚೀನಾದಲ್ಲಿ ಮೂಗು ಮತ್ತು ಮೇಲ್ತುಟಿಯ ನಡುವಿನ ರೆನ್‌ಜೋಂಗ್ ಬಿಂದುವನ್ನು ಉಗುರಿನಿಂದ ಒತ್ತುವ ರೂಢಿಯಿದೆ. ಅದರಿಂದ ಫಿಟ್ಸ್ ನಿಲ್ಲುವುದಿಲ್ಲ, ಗಾಯವಾಗಬಹುದು. ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಕೆನ್ನೆಯೊಳಗೆ ಅಥವಾ ಮೂಗಿಗೆ ಹಾಕುವ ಮಿಡಜೋಲಾಮ್ ಮೊದಲೇ ಬರೆಸಿಕೊಂಡು ಮನೆಯಲ್ಲೂ ಶಾಲೆಯಲ್ಲೂ ಇಟ್ಟಿರಿ. 5 ನಿಮಿಷ ದಾಟಿದರೆ ಅದನ್ನು ಹಾಕಿ, ಆಂಬುಲೆನ್ಸ್ ಕರೆಯಿರಿ.